ಕಾರ್ಖಾನೆ ಆವರಣದ ಜೀವಿಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಕಾರ್ಖಾನೆಯ ಮಳೆನೀರಿನ ಕೊಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಲಾಗಿದೆ. ಕಪ್ಪೆ, ಹಾವು, ಒಮ್ಮೊಮ್ಮೆ ಮೊಲವೂ ಬಿದ್ದು ಸಾಯುತ್ತಿವೆ. ಸುತ್ತ ಬೇಲಿ ಹಾಕಿದರೆ ಸಾಕೇ?

ಉತ್ತರ: ಸಾಲದು. ಬೇಲಿ ಮೊಲವನ್ನು ತಡೆದೀತು, ಕಪ್ಪೆಯನ್ನಲ್ಲ. ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲಿಗೆ ಹಿಡಿತವೇ ಸಿಗದೆ, ಪ್ರಾಣಿ ಅಂಚಿನುದ್ದಕ್ಕೂ ಈಜಿ ಈಜಿ ಸೋತು ಮುಳುಗುತ್ತದೆ. ಹತ್ತಿ ಬರಲು ದಾರಿ ಮಾಡಿಕೊಡಿ.

1 ಮೀಟರ್ ಅಗಲದ ಒತ್ತಾದ ತೆಂಗಿನ ನಾರಿನ ಚಾಪೆಯನ್ನು ನಾಲ್ಕೂ ಮೂಲೆಗಳಲ್ಲಿ, ಕೊಳ ಉದ್ದವಿದ್ದರೆ ನಡುನಡುವೆಯೂ ಇಳಿಬಿಡಿ. ಮೇಲಿನ ತುದಿಯನ್ನು ಹಾಳೆಯ ಆಚೆ ಮಣ್ಣಿನಲ್ಲಿ ಹೂಳಿ. ಹಾಳೆಗೆ ಮೊಳೆ ಹೊಡೆದರೆ ಸೋರಿಕೆ ಖಚಿತ. ಕೆಳತುದಿಗೆ ಮರಳಿನ ಚೀಲ ಕಟ್ಟಿ, ಬೇಸಿಗೆಯ ಕನಿಷ್ಠ ನೀರಿನ ಮಟ್ಟಕ್ಕಿಂತಲೂ ಕೆಳಗಿರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ತುಂಬಿದ ಕೊಳ ನೋಡಿ ಅಳತೆ ಮಾಡುತ್ತಾರೆ, ನೀರು ಇಳಿದಾಗ ಚಾಪೆ ಎಟುಕುವುದಿಲ್ಲ. ಚಾಪೆ ಗೋಡೆಗೆ ಅಂಟಿಕೊಂಡೇ ಇರಬೇಕು, ಸಂದಿ ಉಳಿದರೆ ಪ್ರಾಣಿ ಅದರ ಹಿಂದೆ ಈಜಿ ಹೋಗುತ್ತದೆ. ಪ್ಲಾಸ್ಟಿಕ್ ಬಲೆ ಮಾತ್ರ ಬೇಡ, ಅದರ ಕಣ್ಣುಗಳಲ್ಲಿ ಹಾವು ಸಿಕ್ಕಿಕೊಳ್ಳುತ್ತದೆ. ನಾರು ಕೊಳೆಯುವ ವಸ್ತು. ಪ್ರತಿ ಮಳೆಗಾಲದ ನಂತರ ಎಳೆದು ಪರೀಕ್ಷಿಸಿ.

ಕೊಳಕ್ಕೆ ಮೀನು ಬಿಡಬೇಡಿ, ಗೊದಮೊಟ್ಟೆ ಉಳಿಯುವುದಿಲ್ಲ. ಸಂಸ್ಕರಿಸದ ತ್ಯಾಜ್ಯನೀರಿನ ಕೊಳವಾದರೆ ಮಾತು ಬೇರೆ: ಪ್ರಾಣಿಗಳು ಹತ್ತಿರವೇ ಸುಳಿಯದಂತೆ ನೆಲದೊಳಗೆ 15 ಸೆಂ.ಮೀ., ಮೇಲೆ 50 ಸೆಂ.ಮೀ. ಇರುವ ನುಣುಪು ತಡೆಗೋಡೆ ಕಟ್ಟಿ, ಮೇಲಂಚನ್ನು ಹೊರಕ್ಕೆ ಬಾಗಿಸಿ. ಹತ್ತುವ ಚಾಪೆ ಅಲ್ಲಿಯೂ ಇರಲಿ.

ಪ್ರಶ್ನೆ: ಹಿಂಬದಿಯ ಜಲ್ಲಿ-ಹುಲ್ಲಿನ ಖಾಲಿ ಜಾಗಕ್ಕೆ ಫಲವತ್ತಾದ ಮಣ್ಣು ತುಂಬಿಸಿ ಸಸಿ ನೆಡುವ ಯೋಜನೆಯಿದೆ. ಸರಿಯೇ?

ಉತ್ತರ: ದಯವಿಟ್ಟು ಒಂದು ವರ್ಷ ತಡೆಯಿರಿ. ಅಲ್ಲಿ ಏನೇನಿದೆ ಎಂದು ಎಲ್ಲ ಋತುಗಳಲ್ಲೂ ನೋಡಿ ಬರೆದಿಡಿ. ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಜಲ್ಲಿಯಂಥ ಬೋಳು ನೆಲದ ಮೇಲೆ. ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ಜೇನ್ನೊಣಗಳಲ್ಲಿ ಎಷ್ಟೋ ಜಾತಿಗಳು ಬಿಲ ತೋಡುವುದು ಬೋಳು ನೆಲದಲ್ಲಿ. ನೀವು ಖಾಲಿ ಎನ್ನುವ ಜಾಗ ಅವುಗಳ ಮನೆ. ಸಾರವತ್ತಾದ ಮಣ್ಣು ಬಿದ್ದರೆ ಒರಟು ಕಳೆಗಳು ಕೊಬ್ಬಿ ಕಾಡುಹೂಗಳನ್ನು ಮುಚ್ಚಿಬಿಡುತ್ತವೆ.

ಬೀಜ ಉದುರಿದ ಮೇಲೆ, ನೆಲದಿಂದ 10 ಸೆಂ.ಮೀ. ಬಿಟ್ಟು ಹುಲ್ಲು ಕತ್ತರಿಸಿ. ಮಧ್ಯದಿಂದ ಅಂಚಿನ ಕಡೆಗೆ ಸಾಗಿದರೆ ಒಳಗಿನ ಜೀವಿಗಳು ಹೊರಗೋಡಬಲ್ಲವು. ಪ್ರತಿ ಸಲ ಮೂರರಲ್ಲೊಂದು ಭಾಗ ಹಾಗೇ ಇರಲಿ. ಕತ್ತರಿಸಿದ ಹುಲ್ಲನ್ನು ಎರಡು ದಿನ ಬಿಟ್ಟು, ಕೀಟಗಳು ಹೊರಬಂದ ಮೇಲೆ ಸಾಗಿಸಿ. ಇಂಧನ ಟ್ಯಾಂಕ್, ಟ್ರಾನ್ಸ್‌ಫಾರ್ಮರ್ ಸುತ್ತ ಮಾತ್ರ ಹುಲ್ಲು ಬೆಳೆಯಲು ಬಿಡಬೇಡಿ.

ಪ್ರಶ್ನೆ: ಗೋದಾಮಿನ ಇಲಿಗೆ ಪಾಷಾಣ ಇಡಬಹುದೇ?

ಉತ್ತರ: ಹಲವು ಬಗೆಯ ವಿಷ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡಿಕೊಂಡೇ ಇರುತ್ತದೆ; ಅದನ್ನು ಹಿಡಿದ ಗೂಬೆಯೂ ಸಾಯಬಹುದು. ಮೊದಲು ಬಾಗಿಲಡಿಯ ಸಂದಿ, ಕೇಬಲ್ ತೂತುಗಳನ್ನು ಉಕ್ಕಿನ ಜಾಲರಿಯಿಂದ ಮುಚ್ಚಿ, ಒಳಗುಳಿದವಕ್ಕೆ ಬೋನು ಇಡಿ.