ಎಸ್‌ಎಸ್‌ಪಿ ಬಿಟ್ಟು ಬೇರೆ ಏನಿದೆ ಅಂತ ಕೇಳಿದ ತಂಗಿಗೆ

ತಂಗಿ, ಬಾಗಲಕೋಟೆಯಲ್ಲಿ ಬಿ.ಎಸ್ಸಿ ಎರಡನೇ ವರ್ಷ, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಬಿಟ್ಟು ಮೆರಿಟ್ ಮೇಲೆ ಸಿಗುವ ಸ್ಕಾಲರ್‌ಶಿಪ್ ಏನಿದೆ ಅಂತ ಕೇಳಿದ್ದೀಯ. ಬೇಜಾರಿನ ಸುದ್ದಿ ಮೊದಲು. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ (ವರ್ಷಕ್ಕೆ 80,000 ರೂಪಾಯಿ), ರಿಲಯನ್ಸ್ ಫೌಂಡೇಶನ್ ಸ್ಕಾಲರ್‌ಶಿಪ್, ಎರಡಕ್ಕೂ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕಿತ್ತು. ಪಿಯುಸಿ ಓದುವ ತಮ್ಮನೋ ತಂಗಿಯೋ ಇದ್ದರೆ ಈಗಲೇ ಹೇಳಿಡು.

ನಿನಗೆ ಹೊಂದುವುದು ಬೇಸಿಗೆ ಸಂಶೋಧನಾ ಫೆಲೋಶಿಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜತೆ ಸೇರಿ ಕೊಡುತ್ತದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೆಲಸ, ಜತೆಗೆ ಸ್ಟೈಪೆಂಡ್. ಮಾರ್ಕ್ಸ್ ನೋಡುತ್ತಾರೆ. ಮೇಷ್ಟ್ರ ಶಿಫಾರಸು ಪತ್ರವೂ ಬೇಕು. ಆದರೆ ಜಾಸ್ತಿ ಜನ ಎಡವುವುದು ನಾವೇ ಬರೆಯುವ ಪುಟ್ಟ ಬರಹದಲ್ಲಿ. ‘ಚಿಕ್ಕಂದಿನಿಂದ ವಿಜ್ಞಾನ ಅಂದರೆ ಪ್ರಾಣ’ ಅಂತ ಸುಮ್ನೆ ಬರೆಯಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಎಷ್ಟೋ ಹೊಲ ಸವಳಾಗಿವೆ, ಅಲ್ವಾ? ಆ ಮಣ್ಣಿನಲ್ಲಿ ಏನು ಬದಲಾಯಿತು ಅಂತ ಕೇಳು. ಅಂಥ ಒಂದು ಪ್ರಶ್ನೆ ಸಾಕು. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಕರೆಯುತ್ತಾರೆ, ಹಾಗಾಗಿ ದಸರಾ ಹೊತ್ತಿಗೇ ಮೇಷ್ಟ್ರನ್ನು ಹಿಡಿ.

ಇನ್ನೊಂದು. ಆಧಾರ್‌ನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡು. ನನ್ನ ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇತ್ತು. ಅಷ್ಟಕ್ಕೇ ವಿಜಯಪುರದಲ್ಲಿ ಬ್ಯಾಂಕು, ಕಾಲೇಜು ಅಂತ ನಾಲ್ಕು ತಿಂಗಳು ಅಲೆದಿದ್ದೇನೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಈ ವಾರವೇ ಕೇಳಿಕೊಂಡು ಬಾ.