ಕೃತಕ ಗರ್ಭಧಾರಣೆ ಮಾಡಿಸಿದರೂ ಮೊಲಗಳು ಗಬ್ಬ ಕಟ್ಟುತ್ತಿಲ್ಲ, ಯಾಕೆ?

ತೀರ್ಥಹಳ್ಳಿ ಕಡೆ ಮೊಲ ಸಾಕಿದ್ದೀರಿ, ಮಳೆಗಾಲದಲ್ಲಿ ಗಬ್ಬ ನಿಲ್ಲುವುದು ತೀರಾ ಕಮ್ಮಿ ಎಂದು ಕೇಳಿದ್ದೀರಿ. ಮೊದಲು ಹಾರ್ಮೋನ್ ಚುಚ್ಚುಮದ್ದು ವಿಚಾರಿಸಿ. ದನದ ಹಾಗೆ ಮೊಲದಲ್ಲಿ ಅಂಡ ತಾನಾಗಿ ಬಿಡುಗಡೆ ಆಗುವುದಿಲ್ಲ. ಗಂಡು ಹಾರಿ ಸುಮಾರು 10–12 ಗಂಟೆ ಕಳೆದ ಮೇಲೆ ಆಗುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಗಂಡು ಹಾರುವುದೇ ಇಲ್ವಲ್ಲ, ಹಾಗಾಗಿ ಅಂಡ ಬಿಡುಗಡೆ ಮಾಡಿಸುವ ಜಿಎನ್‌ಆರ್‌ಎಚ್ ಹಾರ್ಮೋನ್ ಕೊಡಲೇಬೇಕು. ಪ್ರಮಾಣ ಪಶುವೈದ್ಯರೇ ಹೇಳಲಿ.

ಅದು ಸರಿ ಇದ್ದರೆ ಹೆಣ್ಣಿನ ಸ್ಥಿತಿ ನೋಡಿ. ನನ್ನ ಪ್ರಕಾರ ಜಾಸ್ತಿ ಎಡವುವುದು ಇಲ್ಲೇ. ಯೋನಿಯ ತುಟಿ ಕೆಂಪಾಗಿ ಊದಿದ್ದರೆ ಬೆದೆ ಇದೆ. ಬಿಳಿಚಿಕೊಂಡಿದ್ದರೆ ಗಬ್ಬ ನಿಲ್ಲುವ ಸಾಧ್ಯತೆ ಕಡಿಮೆ. ಎಲ್ಲಕ್ಕಿಂತ ಕಷ್ಟ ಮೊದಲ ಸಲ ಈದು ಹಾಲುಣಿಸುತ್ತಿರುವ ತಾಯಿಯದು. ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ, ತಿಂದದ್ದು ಹಾಲಿಗೇ ಸಾಲುವುದಿಲ್ಲ. ಪಾಪ, ಅದನ್ನು ಅವಸರಪಡಿಸಬೇಡಿ. ಈದ 4–5ನೇ ದಿನ ಬೇಡ. 11ನೇ ದಿನ ಮಾಡಿಸುವ ಪದ್ಧತಿ ಚಾಲ್ತಿಯಲ್ಲಿದೆ. ಅದಕ್ಕೂ ಮುಂಚೆ 24 ಗಂಟೆ ಮರಿಗಳನ್ನು ಬೇರೆ ಇಟ್ಟು, ಹಾಲು ಕುಡಿಸಿದ ಕೂಡಲೇ ಮಾಡಿಸಿದರೆ ಫಲ ಹೆಚ್ಚು.

ಮಲೆನಾಡಿನ ಮಳೆಗಾಲದ ಮಬ್ಬು ಕೂಡ ಕಾರಣವಿರಬಹುದು. ಗರ್ಭಧಾರಣೆ ಮಾಡಿಸುವ ವಾರ ಮೊದಲಿಂದ ದಿನಕ್ಕೆ 16 ಗಂಟೆ ಬೆಳಕು ಸಿಗಲಿ. ಕರೆಂಟು ಹೋಗುವ ಕಡೆ ಬ್ಯಾಟರಿ ದೀಪ ಇಡಿ.

ವೀರ್ಯ ತೆಗೆಯುವ ಗಂಡುಗಳಿಗೆ ಸೆಕೆ ಆಗದು. ಶಿವಮೊಗ್ಗದ ಏಪ್ರಿಲ್ ಬಿಸಿಲಿನಂತೆ 30 ಡಿಗ್ರಿ ದಾಟಿ ದಿನಗಟ್ಟಲೆ ಇದ್ದರೆ ವೀರ್ಯ ಕೆಡುತ್ತದೆ, ಸುಧಾರಿಸಲು ವಾರಗಳೇ ಬೇಕು. ತೆಳು ಮಾಡಿದ ವೀರ್ಯವನ್ನು 15–18 ಡಿಗ್ರಿಯಲ್ಲಿಟ್ಟು ಒಂದು ದಿನದೊಳಗೆ ಬಳಸಿ.