"ನಿಮ್ಮ ಓಟು ಆಗಲೇ ಆಗಿದೆ" ಅಂದರೆ ಮತಗಟ್ಟೆಯಿಂದ ವಾಪಸ್ ಬರಬೇಡಿ

ಪ್ರಶ್ನೆ: ಪ್ರತಿ ಚುನಾವಣೆಗೂ ವಾಟ್ಸಾಪ್‌ನಲ್ಲಿ ಒಂದೇ ಸಂದೇಶ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಸೆಕ್ಷನ್ 49ಎ ಪ್ರಕಾರ 'ಚಾಲೆಂಜ್ ವೋಟ್' ಕೇಳಿ. ನಿಮ್ಮ ಓಟನ್ನು ಬೇರೆಯವರು ಹಾಕಿದ್ದರೆ 'ಟೆಂಡರ್ ವೋಟ್' ಕೇಳಿ. ಬೂತಿನಲ್ಲಿ ಶೇ 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಮರುಮತದಾನ ಆಗುತ್ತದೆ ಎಂದು. ಇದರಲ್ಲಿ ಎಷ್ಟು ನಿಜ?

ಉತ್ತರ: ಮೂರರಲ್ಲಿ ನಡುವಿನದು ಮಾತ್ರ ನಿಜ. 1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49ಎ ಇರುವುದು ನಿಜವೇ, ಆದರೆ ಅದು ಹೇಳುವುದು ಮತಯಂತ್ರಕ್ಕೆ ಕಂಟ್ರೋಲ್ ಯೂನಿಟ್, ಬ್ಯಾಲಟ್ ಯೂನಿಟ್ ಇರಬೇಕು ಎಂದಷ್ಟೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಹಾಕುವ ಹಕ್ಕಿಲ್ಲ; ಆಧಾರ್ ಇರಲಿ, ಪಾಸ್‌ಪೋರ್ಟ್ ಇರಲಿ, ಎಪಿಕ್ ಕಾರ್ಡೇ (ಮತದಾರರ ಗುರುತಿನ ಚೀಟಿ) ಇರಲಿ. ಕಾರ್ಡು ಗುರುತಿಗೆ, ಹಕ್ಕು ಪಟ್ಟಿಯಿಂದ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ. ಹೆಸರು ಸೇರಿಸಲು ಕೋರುವ ಅರ್ಜಿ, ಅಂದರೆ ನಮೂನೆ 6, ಕೊಟ್ಟ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಹಾಗಾಗಿ ಕೊನೇ ಗಳಿಗೆಯಲ್ಲಿ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಅರ್ಜಿ ಕೊಟ್ಟು, ಮತದಾನದ ದಿನ ಜಗಳ ಆಡಿ ಪ್ರಯೋಜನವಿಲ್ಲ.

ಚಾಲೆಂಜ್ ಎಂಬುದು ಇದೆ, ಆದರೆ ಅದು ಮತದಾರರ ಕೈಯಲ್ಲಿರುವ ಅಸ್ತ್ರವಲ್ಲ. ಓಟು ಹಾಕಲು ಬಂದವರ ಗುರುತಿನ ಮೇಲೆ ಅನುಮಾನ ಬಂದರೆ ಅಭ್ಯರ್ಥಿಯ ಏಜೆಂಟ್ 49ಜೆ ನಿಯಮದಡಿ ಆಕ್ಷೇಪ ಎತ್ತಬಹುದು. ಅದಕ್ಕೆ ಎರಡು ರೂಪಾಯಿ ಠೇವಣಿ ಇಡಬೇಕು. ಹೌದು, ಬರೀ ಎರಡು ರೂಪಾಯಿ. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ಚುಟುಕಾಗಿ ವಿಚಾರಣೆ ಮಾಡುತ್ತಾರೆ. ಬಂದವರು ಆ ಮತದಾರರಲ್ಲ ಎಂದು ಸಾಬೀತು ಮಾಡುವ ಹೊಣೆ ಏಜೆಂಟರದು. ಸಾಬೀತಾದರೆ ಬಂದವರನ್ನು ಪೊಲೀಸರಿಗೆ ಒಪ್ಪಿಸುತ್ತಾರೆ. ಆಗದಿದ್ದರೆ ಓಟು ಹಾಕಲು ಬಿಡುತ್ತಾರೆ. ಸುಮ್ಮನೆ ಕಾಲಹರಣಕ್ಕೆ ಎತ್ತಿದ ತಕರಾರು ಎನಿಸಿದರೆ ಠೇವಣಿ ಮುಟ್ಟುಗೋಲು.

ಇನ್ನು ಶೇ 14ರ ಲೆಕ್ಕ. ಅಂಥ ಗೆರೆ ಯಾವ ಕಾನೂನಿನಲ್ಲೂ ಇಲ್ಲ. ಯಂತ್ರ ನಾಶವಾದರೆ, ಕಳೆದರೆ, ಕೆಟ್ಟರೆ, ಮತದಾನವನ್ನೇ ಕೆಡಿಸುವಂಥ ಲೋಪ ನಡೆದರೆ ಅಥವಾ ಬೂತ್ ವಶವಾದರೆ ಆಯೋಗ ಮರುಮತದಾನಕ್ಕೆ ಆದೇಶಿಸಬಹುದು. ಟೆಂಡರ್ ಮತಗಳ ಶೇಕಡಾವಾರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹಾಗಾದರೆ ನನ್ನ ಹೆಸರಿನಲ್ಲಿ ಯಾರೋ ಓಟು ಹಾಕಿ ಹೋಗಿದ್ದರೆ ನಾನು ನಿಜಕ್ಕೂ ಮಾಡಬೇಕಾದ್ದೇನು? ಆ ಟೆಂಡರ್ ವೋಟನ್ನು ಎಣಿಸುತ್ತಾರಾ?

ಉತ್ತರ: ಮೊದಲು ಕ್ರಮಸಂಖ್ಯೆ ನೋಡಿ. ಒಂದೇ ಮನೆಯಲ್ಲಿ ಒಂದೇ ಹೆಸರಿನವರು, ಅಕ್ಕಪಕ್ಕದ ಸಾಲಿನವರು, ತಪ್ಪು ಭಾಗದ ಚೀಟಿ: ಗೊಂದಲ ಎಷ್ಟೋ ಸಲ ಇಲ್ಲೇ ಬಗೆಹರಿಯುತ್ತದೆ. ಸಂಖ್ಯೆ ನಿಮ್ಮದೇ ಆಗಿದ್ದು ಅದರ ಎದುರು ಈಗಾಗಲೇ ಗುರುತು ಬಿದ್ದಿದ್ದರೆ, ಮೇಜಿನ ಸಿಬ್ಬಂದಿಯ ಜೊತೆ ವಾದಕ್ಕೆ ನಿಲ್ಲದೆ ನೇರವಾಗಿ ಅಧ್ಯಕ್ಷಾಧಿಕಾರಿಯ ಬಳಿ ಹೋಗಿ "49ಪಿ ಪ್ರಕಾರ ಟೆಂಡರ್ ಮತಪತ್ರ ಕೊಡಿ" ಎನ್ನಿ. ಎಡಗೈ ತೋರುಬೆರಳಲ್ಲಿ ಶಾಯಿ ಇಲ್ಲದಿರುವುದನ್ನೂ ತೋರಿಸಿ. ಗುರುತಿನ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಕೊಟ್ಟರೆ ಅವರು ಕೊಡಲೇಬೇಕು. ಇದು ದಾಕ್ಷಿಣ್ಯದ ಮಾತಲ್ಲ.

ಆಮೇಲಿನ ಕೆಲಸವೆಲ್ಲ ಕಾಗದದ ಮೇಲೆ. ನಮೂನೆ 17ಬಿಯಲ್ಲಿ ನೀವು ಸಹಿ ಹಾಕುತ್ತೀರಿ. ಬ್ಯಾಲಟ್ ಯೂನಿಟ್ ಮೇಲೆ ಅಂಟಿಸಿರುವಂಥದ್ದೇ ಮತಪತ್ರವೊಂದನ್ನು, ಹಿಂಬದಿಗೆ 'ಟೆಂಡರ್ಡ್' ಎಂದು ನಮೂದಿಸಿ ಕೊಡುತ್ತಾರೆ. ಜೊತೆಗೆ ಬಾಣದ ಗುರುತಿನ ರಬ್ಬರ್ ಮುದ್ರೆ. ಮರೆಯಲ್ಲಿ ಮುದ್ರೆ ಒತ್ತಿ, ಮಡಿಸಿ, ಅಧ್ಯಕ್ಷಾಧಿಕಾರಿಯ ಕೈಗೆ ಕೊಟ್ಟರೆ ಅದು ಪ್ರತ್ಯೇಕ ಲಕೋಟೆ ಸೇರುತ್ತದೆ. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ, "ಪಾಪ, ಬಂದಿದ್ದಾರೆ" ಎಂದು ಮತ್ತೊಮ್ಮೆ ಇವಿಎಂ ಗುಂಡಿಯನ್ನೇ ಒತ್ತಲು ಬಿಡುವುದು. ನಿಮಗದು ಉಪಕಾರದಂತೆ ಕಂಡರೂ ಒಬ್ಬ ಮತದಾರರ ಹೆಸರಿನಲ್ಲಿ ಯಂತ್ರದಲ್ಲಿ ಎರಡು ಮತ ಕೂತಂತಾಯಿತು. ಯಾವುದು ನಿಮ್ಮದು ಎಂದು ಬೇರ್ಪಡಿಸುವ ದಾರಿ ಅಲ್ಲಿಗೆ ಮುಚ್ಚಿತು.

ಎಣಿಕೆಯ ದಿನ ಆ ಲಕೋಟೆಯನ್ನು ಒಡೆಯುವುದಿಲ್ಲ. ಇದನ್ನು ಕೇಳಿ ಅನೇಕರು ಮತ ವ್ಯರ್ಥ ಎಂದುಕೊಂಡು ಹೊರಟುಬಿಡುತ್ತಾರೆ. ಅವಸರ ಬೇಡ. ಫಲಿತಾಂಶ ಬಂದ 45 ದಿನಗಳೊಳಗೆ ಅಭ್ಯರ್ಥಿಯೋ ಕ್ಷೇತ್ರದ ಮತದಾರರೋ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಗೆಲುವಿನ ಅಂತರಕ್ಕಿಂತ ಟೆಂಡರ್ ಮತಗಳೇ ಹೆಚ್ಚಿದ್ದರೆ ಆ ಲಕೋಟೆಗೆ ಜೀವ ಬರುತ್ತದೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗ ಟೆಂಡರ್ ಮತಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಮ್ಮಲ್ಲೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರೆ ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ಅಂತರ ಲಕ್ಷದಲ್ಲಿದ್ದಾಗ ಮಾತ್ರ ಒಂದು ಲಕೋಟೆ ಬರೀ ಲಕೋಟೆ.

ಪ್ರಶ್ನೆ: ಗುಂಡಿ ಒತ್ತಿದ್ದು ಒಬ್ಬರಿಗೆ, ವಿವಿಪ್ಯಾಟ್ ಚೀಟಿಯಲ್ಲಿ ಕಂಡದ್ದು ಇನ್ನೊಬ್ಬರ ಚಿಹ್ನೆ. ದೂರು ಕೊಟ್ಟರೆ ನಮ್ಮನ್ನೇ ಜೈಲಿಗೆ ಹಾಕುತ್ತಾರಂತೆ, ಹೌದೇ?

ಉತ್ತರ: ದೂರು ಸುಳ್ಳೆಂದು ಕಂಡುಬಂದರೆ ಮಾತ್ರ. ವಿವಿಪ್ಯಾಟ್ ಎಂದರೆ ನೀವು ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ಯಂತ್ರ. ಅದರ ಗಾಜಿನ ಕಿಂಡಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣುತ್ತದೆ. ಅದು ತಪ್ಪಾಗಿ ಬಂದಿದೆ ಎನಿಸಿದರೆ ಹೊರಗೆ ಹೋಗುವ ಮೊದಲೇ ಅಧ್ಯಕ್ಷಾಧಿಕಾರಿಗೆ ಹೇಳಬೇಕು. ಸುಳ್ಳು ಹೇಳಿಕೆಗೆ ಶಿಕ್ಷೆಯಿದೆ ಎಂದು ಎಚ್ಚರಿಸಿ ಅವರು ಲಿಖಿತ ಘೋಷಣೆ ಪಡೆಯುತ್ತಾರೆ. ಮತ ಹಾಕಿದವರ ಹೆಸರು ಬರೆಯುವ 17ಎ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿಗೆ ಎರಡನೇ ನಮೂದು ಬೀಳುತ್ತದೆ. ಆಮೇಲೆ ಅಧಿಕಾರಿ, ಏಜೆಂಟರ ಕಣ್ಣೆದುರೇ ಒಂದು ಪರೀಕ್ಷಾ ಮತ ಹಾಕಬೇಕು. ಇದು 49ಎಂಎ ನಿಯಮ. ಚೀಟಿ ಆಗಲೂ ತಪ್ಪು ತೋರಿಸಿದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ, ಚುನಾವಣಾಧಿಕಾರಿಗೆ ವರದಿ ಹೋಗುತ್ತದೆ. ಸರಿ ಬಂದರೆ ನಿಮ್ಮ ಘೋಷಣೆ ಸುಳ್ಳೆಂದಾಗುತ್ತದೆ. ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು. ಪರೀಕ್ಷಾ ಮತ ಯಾರಿಗೆ ಬಿತ್ತೆಂದು ಬೂತಿನ ಮತಗಳ ಲೆಕ್ಕದ ನಮೂನೆ 17ಸಿಯಲ್ಲಿ ಬರೆದಿಟ್ಟು ಎಣಿಕೆಯಲ್ಲಿ ಕಳೆಯುತ್ತಾರೆ.

ನನ್ನ ಮಟ್ಟಿಗೆ ಇದು ಮತದಾರರ ಮೇಲೆ ಅತಿಯಾದ ಭಾರ. ಒಮ್ಮೆ ತಪ್ಪಿದ ಯಂತ್ರ ಮರುಕ್ಷಣವೂ ತಪ್ಪಲೇಬೇಕು ಎಂಬ ಊಹೆಯ ಮೇಲೆ ನಿಂತ ನಿಯಮವಿದು. ಆದರೆ ನಿಯಮ ಇರುವುದು ಹೀಗೆ, ಆದ್ದರಿಂದ ಚೀಟಿಯನ್ನು ನಿಜವಾಗಿಯೂ ಓದಿದ್ದೀರಾ ಎಂದು ಖಾತ್ರಿ ಮಾಡಿಕೊಂಡೇ ಸಹಿ ಹಾಕಿ. ಚಿಹ್ನೆಯ ಎದುರಿನ ಗುಂಡಿ ಬಿಟ್ಟು ಅದರ ಕೆಳಗಿನದ್ದನ್ನು ಒತ್ತಿರುವ ಸಾಧ್ಯತೆಯೂ ಇರುತ್ತದೆ.

ಪ್ರಶ್ನೆ: ನೋಟಾಗೆ (ಯಾರೂ ಬೇಡ ಎಂಬ ಗುಂಡಿಗೆ) ಹೆಚ್ಚು ಮತ ಬಿದ್ದರೆ ಎಲ್ಲರ ಠೇವಣಿ ಹೋಗುತ್ತದಾ?

ಉತ್ತರ: ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಇಲ್ಲ. ವಾಸ್ತವದಲ್ಲಿ ಲೆಕ್ಕ ಉಲ್ಟಾ. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು, ನೋಟಾ ಆ ಮೊತ್ತಕ್ಕೆ ಸೇರುವುದಿಲ್ಲ. ಬಿದ್ದದ್ದು 1,26,000, ಅದರಲ್ಲಿ ನೋಟಾ 6,000 ಎನ್ನಿ. ಉಳಿದ 1,20,000ದಲ್ಲಿ 20,001 ಬಂದರೆ ಠೇವಣಿ ಉಳಿಯಿತು, 20,000 ಆದರೆ ಹೋಯಿತು. ನೋಟಾವನ್ನೂ ಸೇರಿಸಿದ್ದರೆ 21,000 ದಾಟಬೇಕಿತ್ತು. ಅಂದರೆ ನಿಮ್ಮ ಸಿಟ್ಟಿನ ಓಟು ಸೋಲುವವರಿಗೆ ತುಸು ಅನುಕೂಲವನ್ನೇ ಮಾಡುತ್ತದೆ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ ನೋಟಾ 2,18,674 ಮತ ಪಡೆಯಿತು. ಗೆದ್ದವರ ಅಂತರ 11 ಲಕ್ಷ ದಾಟಿತ್ತು.

2013ರ ಸುಪ್ರೀಂ ಕೋರ್ಟ್ ತೀರ್ಪು ನೋಟಾ ತಂದದ್ದು ಮತ ಗುಟ್ಟಾಗಿ ಉಳಿಯಬೇಕು ಎಂಬ ಕಾರಣಕ್ಕೆ. ಅದಕ್ಕೆ ಮೊದಲು ಯಾರೂ ಬೇಡ ಎನ್ನುವವರು 49ಒ ಅಡಿ ಎಲ್ಲರೆದುರು ಹೇಳಿ, ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಊರಿನ ಏಜೆಂಟರೆಲ್ಲ ನೋಡುತ್ತ ಕೂತಿರುವಾಗ ಎಷ್ಟು ಜನರಿಗೆ ಆ ಧೈರ್ಯ?

ಪ್ರಶ್ನೆ: ಸಾಲಿನಲ್ಲಿ ನಿಂತಿರುವಾಗಲೇ ಸಮಯ ಮುಗಿದರೆ?

ಉತ್ತರ: ಓಟು ಹಾಕಿಯೇ ಹೋಗಬಹುದು. ಸಮಯ ಮುಗಿದ ಕೂಡಲೇ ಅಧ್ಯಕ್ಷಾಧಿಕಾರಿ ಸಹಿ ಮಾಡಿದ ಸಂಖ್ಯೆಯ ಚೀಟಿಗಳನ್ನು ಸಾಲಿಗೆ ಹಂಚಿಸುತ್ತಾರೆ. ಹಂಚುವುದು ಸಾಲಿನ ಬಾಲದಿಂದ: ಕೊನೆಯವರಿಗೆ 1, ಅವರ ಮುಂದಿನವರಿಗೆ 2. ತಲೆಯಿಂದ ಶುರುಮಾಡಿದರೆ ಹಂಚಿ ಮುಗಿಯುವಷ್ಟರಲ್ಲಿ ಹಿಂದೆ ನಾಲ್ಕು ಜನ ಬಂದು ಸೇರಿಕೊಂಡಿರುತ್ತಾರೆ. ನಿಮ್ಮ ಕೈಗೆ ಚೀಟಿ ಬರುವವರೆಗೆ ನೀರಿಗೆಂದು ಸಹ ಸಾಲು ಬಿಡಬೇಡಿ.